ಶನಿವಾರ ಬಿದ್ದ ಕೋಟೆ, ಶನಿವಾರ ನಿಂತ ಗಾಣ

ಶನಿವಾರಸಿದ್ಧಿ! ಹೊಯ್ಸಳರ ಶಾಸನ ಓದುವವರಿಗೆ ಈ ಬಿರುದು ಹೊಸದಲ್ಲ. ಅಸಹಾಯಶೂರ, ಏಕಾಂಗವೀರ, ಗಿರಿದುರ್ಗಮಲ್ಲ ಎಂದು ಮೊಳಗುವ ಉದ್ದನೆಯ ಬಿರುದಾವಳಿಯಲ್ಲಿ ಅದೂ ಒಂದು. ಕಣ್ಣು ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಆದರೆ ಒಂದು ಗಳಿಗೆ ನಿಲ್ಲಿ. ಯಾವ ಶನಿವಾರ? ಅವತ್ತು ಸಿದ್ಧಿಸಿದ್ದಾದರೂ ಏನು? ಶಾಸನಗಳನ್ನು ಒಟ್ಟುಗೂಡಿಸಿದ ಬಿ.ಎಲ್. ರೈಸ್ ಕೊಟ್ಟ ಉತ್ತರ ಹರಪನಹಳ್ಳಿ ತಾಲ್ಲೂಕಿನಲ್ಲೇ ಇದೆ: ಇಮ್ಮಡಿ ವೀರಬಲ್ಲಾಳ ಉಚ್ಚಂಗಿದುರ್ಗವನ್ನು ಹಿಡಿದ. ಗಿರಿದುರ್ಗ ಹಿಡಿದದ್ದಕ್ಕೆ ಗಿರಿದುರ್ಗಮಲ್ಲ, ಹಿಡಿದ ದಿನ ಶನಿವಾರವಾದದ್ದಕ್ಕೆ ಶನಿವಾರಸಿದ್ಧಿ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ್ದ ಕೋಟೆಯಂತೆ ಅದು. (ಶಾಸನಕವಿಗಳ ಮಾತು, ಒಂದಿಷ್ಟು ಕಳೆದು ಓದಿಕೊಳ್ಳಿ.) ನೊಳಂಬವಾಡಿಯನ್ನು ಆಳುತ್ತಿದ್ದ ಉಚ್ಚಂಗಿಯ ಪಾಂಡ್ಯ ಕಾಮದೇವ ಶರಣಾದ, ಬಲ್ಲಾಳ ಅವನ ರಾಜ್ಯವನ್ನು ಅವನಿಗೇ ಮರಳಿಸಿದ. ಇದೆಲ್ಲ ಆದದ್ದು 1170ರ ದಶಕದಲ್ಲಿ.

ಈಗ ಅದೇ ದಶಕದಲ್ಲಿ ಅರಬ್ಬೀ ಸಮುದ್ರ ದಾಟಿ, ಕೆಂಪು ಸಮುದ್ರವನ್ನೂ ದಾಟಿ, ನೈಲ್ ನದಿಯ ದಂಡೆಗೆ ಬನ್ನಿ. ಇವತ್ತಿನ ಕೈರೋದ ಹಳೇ ಭಾಗ, ಫುಸ್ತಾತ್. ಅಲ್ಲೊಬ್ಬ ಯಹೂದಿ ಪಂಡಿತರು ತಮ್ಮ ಜನರ ಧರ್ಮಶಾಸ್ತ್ರವನ್ನೆಲ್ಲ ಹದಿನಾಲ್ಕು ಭಾಗಗಳಲ್ಲಿ ಒಪ್ಪ ಮಾಡುತ್ತಿದ್ದಾರೆ. ಹೆಸರು ಮೋಶೆ ಬೆನ್ ಮೈಮೋನ್. ಹೊರಜಗತ್ತಿಗೆ ಮೈಮೊನಿಡೀಸ್, ತಮ್ಮವರಿಗೆ ರಂಬಾಮ್. ಆ 'ಮಿಶ್ನೆ ತೋರಾ' ಗ್ರಂಥದಲ್ಲಿ ಶನಿವಾರವೊಂದಕ್ಕೇ ಮೂವತ್ತು ಅಧ್ಯಾಯಗಳಿವೆ! ಯಹೂದಿಗಳಿಗೆ ಶನಿವಾರವೆಂದರೆ ಶಬ್ಬಾತ್. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ನಕ್ಷತ್ರ ಮೂಡುವವರೆಗೆ ಕೆಲಸ ಕೂಡದು. ಬೆಂಕಿ ಹೊತ್ತಿಸುವಂತಿಲ್ಲ, ಎರಡಕ್ಷರ ಬರೆಯುವಂತಿಲ್ಲ. ಸರಿ, ಮುತ್ತಿಗೆ ಹಾಕಿದ ಸೈನ್ಯ ಶನಿವಾರ ಬಂತೆಂದು ಕತ್ತಿ ಕೆಳಗಿಡಬೇಕೇ?

ಈ ಪ್ರಶ್ನೆಗೂ ಅಲ್ಲಿ ಉತ್ತರವಿದೆ ಎಂದು ಕಂಡಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಶಬ್ಬಾತಿಗೆ ಮೂರು ದಿನ ಮೊದಲೇ ಮುತ್ತಿಗೆ ಶುರುವಾಗಿರಬೇಕು. ಹಾಗೆ ಶುರುವಾಗಿದ್ದರೆ ಕೋಟೆ ಬೀಳುವವರೆಗೆ ನಿಲ್ಲಿಸಬೇಕಿಲ್ಲ, ಶನಿವಾರವೂ ಕಾದಬಹುದು. ಇದು ರಂಬಾಮರ ಸ್ವಂತ ಮಾತಲ್ಲ, ಅವರಿಗಿಂತ ಸಾವಿರದ ನೂರು ವರ್ಷ ಹಿಂದೆ ಇದ್ದ ಶಮ್ಮಾಯ್ ಎಂಬ ಗುರುವಿನ ತೀರ್ಪು. ರಂಬಾಮ್ ಅದನ್ನು ಎರಡನೆಯ ಅಧ್ಯಾಯದಲ್ಲಿ ಸೇರಿಸಿದರು. ಅಂದರೆ, ಉಚ್ಚಂಗಿಯ ಕೋಟೆ ಗೋಡೆಯ ಮುಂದೆ ಒಂದು ಸೈನ್ಯ ಶನಿವಾರ ಗೆದ್ದು ಕೇಕೆ ಹಾಕಿದ ಕಾಲಕ್ಕೇ, ಈಜಿಪ್ಟಿನಲ್ಲೊಬ್ಬರು ಶನಿವಾರ ಕೋಟೆ ಹಿಡಿಯಬಹುದೇ ಎಂಬುದಕ್ಕೆ ನಿಯಮ ಬರೆಯುತ್ತಿದ್ದರು! ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಆದರೂ ನಡುವಿನ ಸಮುದ್ರ ಮಾತ್ರ ಖಾಲಿ ಇರಲಿಲ್ಲ.

ಆ ಸಮುದ್ರದಲ್ಲೇ ರಂಬಾಮರ ತಮ್ಮ ಸತ್ತ. ದಾವೀದ್, ರತ್ನದ ವ್ಯಾಪಾರಿ. ಸುಡಾನ್ ಕಡೆಯ ಐಧಾಬ್ ಬಂದರಿನಿಂದ ಅವನು ಅಣ್ಣನಿಗೆ ಬರೆದ ಕಾಗದ ಇವತ್ತಿಗೂ ಕೇಂಬ್ರಿಜ್‌ನಲ್ಲಿದೆ. ಮರಳುಗಾಡನ್ನು ಒಬ್ಬ ಜೊತೆಗಾರನೊಂದಿಗೆ, ಗುಂಪಿಲ್ಲದೆ ದಾಟಿದೆ. ಹುಚ್ಚು ಸಾಹಸ ಮಾಡಿ ಬದುಕಿ ಬಂದೆ. ಇಲ್ಲಿನ ಪೇಟೆಯಲ್ಲಿ ನೀಲಿ ಬಿಟ್ಟರೆ ಕೊಳ್ಳುವಂಥದ್ದೇನೂ ಇಲ್ಲ. ಹಾಗಾಗಿ ಹಡಗು ಹತ್ತಿ ಹಿಂದೂಸ್ತಾನಕ್ಕೇ ಹೊರಟೆ, ಮನೆಯವರಿಗೆ ಧೈರ್ಯ ಹೇಳು. ಕಾಗದದ ಸಾರ ಇಷ್ಟು. ಹೊರಟವನು ಹಿಂದೂ ಮಹಾಸಾಗರದಲ್ಲಿ ಮುಳುಗಿದ, ಅಣ್ಣನ ಹಣವೂ ಊರವರ ಹಣವೂ ಅವನೊಡನೆ ಮುಳುಗಿತು. ರಂಬಾಮ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಎದ್ದ ಮೇಲೆ ಹೊಟ್ಟೆಪಾಡಿಗೆ ನೆಚ್ಚಿಕೊಂಡದ್ದು ವೈದ್ಯಕೀಯವನ್ನು. ಏಕೆ? ಅಷ್ಟು ದೊಡ್ಡ ರಬ್ಬಿಗೆ ಕಾಣಿಕೆ ಬರುತ್ತಿರಲಿಲ್ಲವೇ? ಬರುತ್ತಿತ್ತೋ ಏನೋ, ಅವರು ಕೈಯೊಡ್ಡುತ್ತಿರಲಿಲ್ಲ. ದೇವರ ವಿದ್ಯೆ ಹೇಳಿ ಕೂಳು ಸಂಪಾದಿಸುವುದು ದೇವರ ಹೆಸರಿಗೇ ಕಳಂಕ ಎಂದು ಖಾರವಾಗಿ ಬರೆದವರು ಅವರು.

ಇಲ್ಲಿ ನಮ್ಮ ಕಡೆಯ ಓದುಗರಿಗೆ ಒಂದು ಬೆರಗು ಕಾದಿದೆ. ರಬ್ಬಿ ಎಂದ ಕೂಡಲೇ ಅರ್ಚಕರನ್ನೋ ಮಠದ ಸ್ವಾಮಿಗಳನ್ನೋ ಊಹಿಸಿಕೊಳ್ಳುತ್ತೇವೆ. ಉಜ್ಜಯಿನಿ ಪೀಠ, ಕೊಟ್ಟೂರೇಶ್ವರರ ಗದ್ದುಗೆ ನೋಡಿ ಬೆಳೆದ ಸೀಮೆ ಇದು. ಗುರುವೆಂದರೆ ಪಾದಪೂಜೆ, ಅಡ್ಡಪಲ್ಲಕ್ಕಿ. ರಬ್ಬಿ ಅದ್ಯಾವುದೂ ಅಲ್ಲ! ಯಹೂದಿಗಳಲ್ಲಿ ಪೂಜಾರಿಗಳಿದ್ದರು, ಕೊಹೆನ್ ಎಂಬ ವಂಶದವರು, ಹುಟ್ಟಿನಿಂದ ಬಂದ ಹಕ್ಕು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಸುಟ್ಟಿತು. ಬಲಿಪೀಠವೇ ಇಲ್ಲದ ಮೇಲೆ ಪೂಜಾರಿಗೇನು ಕೆಲಸ? ಮುತ್ತಿಗೆಯ ನಡುವೆ ಯೊಹಾನಾನ್ ಬೆನ್ ಜಕ್ಕಾಯ್ ಎಂಬ ಗುರು ಹೆಣದಂತೆ ಶವಪೆಟ್ಟಿಗೆಯಲ್ಲಿ ಮಲಗಿ, ಶಿಷ್ಯರ ಹೆಗಲ ಮೇಲೆ ಕೋಟೆಯಿಂದ ಹೊರಬಿದ್ದರಂತೆ. ರೋಮನ್ ಸೇನಾಪತಿಯನ್ನು ಕಂಡು ಅವರು ಬೇಡಿದ್ದು ದೇವಾಲಯವನ್ನಲ್ಲ. ಯಾವ್ನೆ ಎಂಬ ಊರನ್ನೂ ಅಲ್ಲಿನ ಪಂಡಿತರನ್ನೂ. ಪಾಠಶಾಲೆ ಒಂದು ಉಳಿಯಲಿ, ಸಾಕು! ದಂತಕಥೆಯೇ ಇರಬಹುದು. ಆದರೆ ಪೂಜೆ ಮಾಡುವವರ ಜಾಗಕ್ಕೆ ಓದಿದವರು ಬಂದು ಕೂತದ್ದು ಚರಿತ್ರೆ. ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದಾ ಹನ್ನಾಸಿ ಬಾಯಿಂದ ಬಾಯಿಗೆ ಬಂದ ನಿಯಮಗಳನ್ನು 'ಮಿಶ್ನಾ' ಎಂದು ಜೋಡಿಸಿದರು. ಅದರ ಮೇಲೆ ಮುಂದಿನ ಮುನ್ನೂರು ನಾನೂರು ವರ್ಷ ನಡೆದ ವಾದವೆಲ್ಲ 'ತಲ್ಮುದ್' ಆಯಿತು.

ರಬ್ಬಿ ಇಲ್ಲದೆಯೂ ಪ್ರಾರ್ಥನೆ ನಡೆಯುತ್ತದೆ. ಹತ್ತು ಮಂದಿ ವಯಸ್ಸಿಗೆ ಬಂದ ಗಂಡಸರು ಸೇರಿದರಾಯಿತು. (ಸುಧಾರಣಾ ಪಂಥದವರು ಹೆಂಗಸರನ್ನೂ ಎಣಿಸುತ್ತಾರೆ, 1935ರಲ್ಲಿ ಜರ್ಮನಿಯ ರೆಗಿನಾ ಯೋನಾಸ್ ರಬ್ಬಿ ಪದವಿ ಪಡೆದ ಮೊದಲ ಹೆಂಗಸಾದರು, 1944ರಲ್ಲಿ ಆಷ್‌ವಿಟ್ಜ್‌ನಲ್ಲಿ ಅವರನ್ನು ಕೊಂದರು.) ಮದುವೆಗೂ ಶಾಸ್ತ್ರದ ಮಟ್ಟಿಗೆ ಬೇಕಾದದ್ದು ಇಬ್ಬರು ಸಾಕ್ಷಿ. ಹಾಗಾದರೆ ರಬ್ಬಿಯ ಕೆಲಸವೇನು? ಕೇಳಿದ್ದಕ್ಕೆ ಉತ್ತರ ಹೇಳುವುದು! ಇಷ್ಟೇ, ಇದೇ. ಕೋಳಿಯ ಶ್ವಾಸಕೋಶದಲ್ಲಿ ಗಂಟು ಕಂಡಿದೆ, ತಿನ್ನಬಹುದೇ? ಗಂಡ ಸಮುದ್ರದಲ್ಲಿ ಕಾಣೆಯಾದ, ಹೆಣ ಸಿಗಲಿಲ್ಲ, ಹೆಂಡತಿ ಮರುಮದುವೆಯಾಗಬಹುದೇ? ಊರೂರಿನಿಂದ ಕಾಗದ ಬರುತ್ತಿತ್ತು, ಉತ್ತರ ಹೋಗುತ್ತಿತ್ತು. ಹಾಗೆ ಕೂಡಿದ ಪ್ರಶ್ನೋತ್ತರಗಳು ಸಾವಿರಾರು ಸಂಪುಟ ತುಂಬಿವೆ. ಹಳಬರು ಹೊಟ್ಟೆಗೆ ಕೈಕೆಲಸ ಇಟ್ಟುಕೊಂಡಿದ್ದರು. ಹಿಲ್ಲೆಲ್ ಸೌದೆ ಕಡಿಯುತ್ತಿದ್ದರು ಎನ್ನುತ್ತಾರೆ, ಯೊಹಾನಾನ್ ಹಸಾಂದ್ಲಾರ್ ಚಪ್ಪಲಿ ಹೊಲಿಯುತ್ತಿದ್ದರು. ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯನವರನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಥೆ ಹೇಳದೆ ಮುಂದಕ್ಕೆ ಹೋಗಲಾರೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೋಡಿದ್ದೀರಲ್ಲ? ಭರತ ಹುಣ್ಣಿಮೆಯ ಜಾತ್ರೆ, ಡೆಂಕನಮರಡಿಯಲ್ಲಿ ಕಣ್ಣು ಹಾಯುವಷ್ಟೂ ಜನ. ಗೊರವಯ್ಯ ಬಿಲ್ಲೇರುತ್ತಾನೆ, 'ಸದ್ದಲೇ' ಎನ್ನುತ್ತಾನೆ, ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ, ದೇವರ ವಾಣಿ ಒಂದೇ ಸಾಲಿನಲ್ಲಿ ಬೀಳುತ್ತದೆ. ಅದರ ಮುಂದೆ ಯಾರ ವಾದವೂ ಇಲ್ಲ. ಅರ್ಥವೇನೆಂದು ಆಮೇಲೆ ವರ್ಷವಿಡೀ ಚರ್ಚೆ. ಈಗ ತಲ್ಮುದಿನಲ್ಲಿ ನಡೆದದ್ದು ಕೇಳಿ. ಮಣ್ಣಿನ ಒಲೆಯೊಂದನ್ನು ಬಳೆಬಳೆಯಾಗಿ ಕತ್ತರಿಸಿ ನಡುವೆ ಮರಳು ತುಂಬಿದ್ದಾರೆ. ಅದಕ್ಕೆ ಮೈಲಿಗೆ ತಟ್ಟುತ್ತದೋ ಇಲ್ಲವೋ? ತಟ್ಟುವುದಿಲ್ಲ ಎಂದರು ರಬ್ಬಿ ಎಲಿಯೇಜರ್. ಉಳಿದವರೆಲ್ಲ ತಟ್ಟುತ್ತದೆ ಎಂದರು. ಎಲಿಯೇಜರ್ ಸಿಟ್ಟಿಗೆದ್ದು, ನನ್ನ ಮಾತು ಸರಿಯಿದ್ದರೆ ಈ ಮರ ಸಾಕ್ಷಿ ಹೇಳಲಿ ಎಂದರು. ಮರ ಬುಡಸಮೇತ ನೂರು ಮೊಳ ಆಚೆ ಹೋಗಿ ನಿಂತಿತು! ಮರ ಸಾಕ್ಷಿಯಾಗದು ಎಂದರು ಉಳಿದವರು. ಕಾಲುವೆಯ ನೀರು ಹಿಂದಕ್ಕೆ ಹರಿಯಿತು. ಒಪ್ಪಲಿಲ್ಲ. ಪಾಠಶಾಲೆಯ ಗೋಡೆಗಳೇ ವಾಲಿದವು. ಆಗಲೂ ಇಲ್ಲ. ಕಡೆಗೆ ಆಕಾಶವಾಣಿ: ಎಲಿಯೇಜರ್ ಹೇಳುವುದೇ ಸರಿ! ಆಗ ರಬ್ಬಿ ಯೆಹೋಶುವಾ ಎದ್ದು ನಿಂತು ದೇವರಿಗೇ ಎದುರಾಡಿದರು: ಶಾಸ್ತ್ರ ಈಗ ಆಕಾಶದಲ್ಲಿಲ್ಲ, ನೀನೇ ನಮಗೆ ಕೊಟ್ಟಾಗಿದೆ, ಇಲ್ಲಿ ಹೆಚ್ಚು ಜನ ಏನು ಹೇಳುತ್ತಾರೋ ಅದೇ ತೀರ್ಪು. ದೇವರು ಏನು ಮಾಡಿದ? ನಕ್ಕ! ಮಕ್ಕಳು ನನ್ನನ್ನು ಸೋಲಿಸಿದರು ಎಂದು ನಕ್ಕನಂತೆ.

ಧರ್ಮಗ್ರಂಥವೊಂದು ಇಂಥ ಕಥೆಯನ್ನು ತನ್ನೊಳಗೇ ಇಟ್ಟುಕೊಂಡಿದೆ ಎಂದರೆ! ಆದರೆ ಹಾಡಿ ಹೊಗಳಿ ಕೈಬಿಡುವ ಕಥೆ ಇದಲ್ಲ. ಸೋತ ಎಲಿಯೇಜರರಿಗೆ ಬಹಿಷ್ಕಾರ ಹಾಕಿದರು, ಆ ಮುದುಕರ ಕಣ್ಣೀರಿನಿಂದ ಲೋಕದ ಪೈರು ಕಮರಿತು ಎಂದೂ ತಲ್ಮುದ್ ಮುಂದುವರಿಸುತ್ತದೆ. ಆ ಭಾಗವನ್ನು ಹೇಳುವವರು ಕಡಿಮೆ.

ಈ ಉತ್ತರ ಹೇಳುವವರ ಜಾಲ ನಮ್ಮ ನೆಲದವರೆಗೂ ಚಾಚಿತ್ತೇ? ಚಾಚಿತ್ತು, ಅದೂ ಉಚ್ಚಂಗಿ ಬಲ್ಲಾಳನ ಕೈಗೆ ಬೀಳುವುದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಮೊದಲೇ! 1132ರಲ್ಲಿ ಆಳುಪರ ಮಂಗಳೂರಿನಲ್ಲಿ ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮನೆ ಮಾಡಿದ್ದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಯೆಮನ್ನಿನ ಏಡನ್ ಬಂದರಿನಿಂದ ಒಡಕು ತಾಮ್ರ, ಹಿತ್ತಾಳೆ ಬರುತ್ತಿತ್ತು, ಇಲ್ಲಿನ ಕಂಚುಗಾರರು ಅದನ್ನು ಕರಗಿಸಿ ಪಾತ್ರೆ ಮಾಡಿಕೊಡುತ್ತಿದ್ದರು. ಅಲ್ಲಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಸಾಬೂನಿನ ಜೊತೆಗೆ ಕಾಗದವನ್ನೂ ಕಳಿಸುತ್ತಿದ್ದರು. ತಾಳೆಗರಿಯ ನಾಡಿನಲ್ಲಿ ಕಾಗದ ಸಿಗಬೇಕಲ್ಲ! ಸಿಕ್ಕ ಕಾಗದವನ್ನು ಬೆನ್ ಯಿಜು ಕಿಂಚಿತ್ತೂ ದಂಡ ಮಾಡಲಿಲ್ಲ. ಬಂದ ಪತ್ರದ ಬೆನ್ನಿಗೇ ಲೆಕ್ಕ, ಅಲ್ಲೇ ಪದ್ಯ, ಅಲ್ಲೇ ಶಾಸ್ತ್ರವಿಚಾರ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂದು ಫುಸ್ತಾತಿನ ಬೆನ್ ಎಜ್ರಾ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದ ಕೋಣೆಯೊಂದಕ್ಕೆ ಹಾಕುತ್ತಿದ್ದರು. ಇವನ ಕಟ್ಟೂ ಅಲ್ಲಿಗೆ ಸೇರಿತು. 1896-97ರಲ್ಲಿ ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದ ಸಾಲೊಮನ್ ಶೆಖ್ಟರ್ ಸ್ವತಃ ರಬ್ಬಿ!

ಆ ಕಾಗದಗಳಲ್ಲಿ ನಮ್ಮವರ ಹೆಸರು ಕಂಡಾಗ ಮೈ ಜುಮ್ಮೆನ್ನುತ್ತದೆ. ವ್ಯಾಪಾರಕ್ಕೆ ಏಡನ್ನಿಗೆ ಹೋಗಿ ಬರುತ್ತಿದ್ದ ಸೇವಕನೊಬ್ಬನಿದ್ದಾನೆ, ಅವನು ಬೊಮ್ಮ ಎಂದು ಕಾದಂಬರಿಕಾರ ಅಮಿತಾವ್ ಘೋಷ್ ಗುರುತಿಸಿದ್ದು ಬಿ.ಎ. ವಿವೇಕ ರೈ ಅವರ ನೆರವಿನಿಂದ. ಬೆನ್ ಯಿಜುವಿನ ಭಾವಮೈದುನ ನಾಯರ್ ಇದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ ಅಶು ಇದ್ದಾಳೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಅವಳ ಬಿಡುಗಡೆಯ ಪತ್ರ ಬರೆದ: ಇವಳು ಇನ್ನು ದಾಸಿಯಲ್ಲ, ಹೆಸರು ಬೆರಾಖಾ. ರಬ್ಬಿಗಳ ಶಾಸ್ತ್ರದ ಪ್ರಕಾರ ಹಾಗೆ ಬಿಡುಗಡೆಯಾದವಳು ಯಹೂದಿಯೇ, ಮದುವೆಗೆ ಅಡ್ಡಿಯಿಲ್ಲ. ಪತ್ರದ ಒಕ್ಕಣೆ ಬಗ್ದಾದಿನಲ್ಲೋ ಫುಸ್ತಾತಿನಲ್ಲೋ ಬರೆದಷ್ಟೇ ಕರಾರುವಾಕ್ಕು. ನೇತ್ರಾವತಿಯ ದಂಡೆಯಲ್ಲಿ ಕೂತು, ಹತ್ತಿರದಲ್ಲೆಲ್ಲೂ ನ್ಯಾಯಪೀಠವಿಲ್ಲದೆ, ಒಬ್ಬ ಏಲಕ್ಕಿ ವ್ಯಾಪಾರಿ ಅದನ್ನು ತಪ್ಪಿಲ್ಲದೆ ಬರೆದ! ದಾಸಿಯಲ್ಲಿ ಹುಟ್ಟಿದ ಮಗುವಿನ ಸ್ಥಾನವೇನು ಎಂಬಂಥ ಪ್ರಶ್ನೋತ್ತರಗಳೂ ಅವನ ಕೈಬರಹದಲ್ಲಿ ಸಿಕ್ಕಿವೆ. ಪ್ರಶ್ನೆ ಬರೀ ಪಾಂಡಿತ್ಯದ್ದಲ್ಲ, ತನ್ನ ಮನೆಯ ಮಕ್ಕಳದ್ದು ಎಂದು ನನಗಂತೂ ಅನ್ನಿಸುತ್ತದೆ. 1149ರಲ್ಲಿ ಅವನು ಮಂಗಳೂರು ಬಿಟ್ಟ. 1156ರಲ್ಲಿ ಫುಸ್ತಾತಿನಲ್ಲಿ ಮಗಳನ್ನು ತನ್ನ ಅಣ್ಣತಮ್ಮಂದಿರ ಮನೆಗೇ ಕೊಟ್ಟ.

ಮತ್ತೆ ರಂಬಾಮ್. ಫ್ರಾನ್ಸಿನ ಪಂಡಿತರಿಗೆ ಬರೆದ ಕಾಗದದಲ್ಲಿ ಅವರು ಭಾರತದ ಯಹೂದಿಗಳ ಸುದ್ದಿ ಎತ್ತುತ್ತಾರೆ: ಅವರಿಗೆ ಶಾಸ್ತ್ರ ಗೊತ್ತಿಲ್ಲ, ಶನಿವಾರ ಕೆಲಸ ನಿಲ್ಲಿಸುವುದು, ಎಂಟನೇ ದಿನ ಗಂಡುಮಗುವಿಗೆ ಸುನ್ನತಿ ಮಾಡುವುದು ಇಷ್ಟೇ ಗೊತ್ತು. ಯಾರಿರಬಹುದು ಇವರು? ಕೊಂಕಣ ಕರಾವಳಿಯ ಬೆನೆ ಇಸ್ರೇಲಿಗಳ ಚಹರೆ ಇದಕ್ಕೆ ಥೇಟ್ ಹೊಂದುತ್ತದೆ. ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತ ಬಾಳಿದ ಜನ. ಮರಾಠಿ ನೆರೆಹೊರೆಯವರು ಇಟ್ಟ ಹೆಸರು ಶನಿವಾರ ತೇಲಿ, ಶನಿವಾರ ಗಾಣ ಹೂಡದ ಗಾಣಿಗರು! ಶಬ್ಬಾತಿನಲ್ಲಿ ರಬ್ಬಿಗಳು ನಿಷೇಧಿಸಿದ ಮೂಲ ಕೆಲಸಗಳು 39. ಅದರಲ್ಲಿ ಒಕ್ಕಣೆ ಒಂದು, ಆಲಿವ್ ಹಿಂಡಿ ಎಣ್ಣೆ ತೆಗೆಯುವುದು ಅದೇ ಒಕ್ಕಣೆಯ ಬಾಬತ್ತು. ಆ ಪಟ್ಟಿಯನ್ನು ಓದದವರ, ಓದಿಸುವ ರಬ್ಬಿಯೇ ಇಲ್ಲದವರ ಎತ್ತುಗಳು ಅದೇ ದಿನ ಕೊಟ್ಟಿಗೆಯಲ್ಲಿ ನಿಂತಿರುತ್ತಿದ್ದವು.

ರಬ್ಬಿಯ ಜಾಗದಲ್ಲಿ ಅವರಿಗಿದ್ದದ್ದು ಕಾಜಿ. ಮದುವೆ, ಸುನ್ನತಿ, ಜಗಳದ ಪಂಚಾಯಿತಿ ಎಲ್ಲಕ್ಕೂ ಅವನೇ. ಆಮೇಲೆ ಕಂಪನಿ ಸರ್ಕಾರದ ಪಲ್ಟನ್ ಸೇರಿದರು, ಮೈಸೂರಿನ ಯುದ್ಧಕ್ಕೂ ಬಂದರು. ಹೀಗೆ ಬಂದ ಸಮಾಜಿ ಹಸ್ಸಾಜಿ ದಿವೇಕರ್, ಅಂದರೆ ಸ್ಯಾಮ್ಯುಯೆಲ್ ಎಜೆಕಿಯೆಲ್, ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕ. ಜಾತಿ ಯಾವುದೆಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಕುರಾನಿನಲ್ಲಿ ಬರುವ ಜನ ಇವರೇ ಎಂದು ಟಿಪ್ಪುವಿನ ತಾಯಿ ಪ್ರಾಣ ಉಳಿಸಿದಳೆಂದು ಆ ಸಮುದಾಯದವರು ಇವತ್ತಿಗೂ ಹೇಳುತ್ತಾರೆ. ಬಿಡುಗಡೆಯಾಗಿ ಊರಿಗೆ ಮುಟ್ಟಿದವನು, ಸೆರೆಯಲ್ಲಿ ಹೊತ್ತ ಹರಕೆಯಂತೆ, 1796ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಬೆನೆ ಇಸ್ರೇಲಿಗಳ ಮೊದಲ ಸಿನಗಾಗ್ ಕಟ್ಟಿಸಿದ. ಬೀದಿಗೆ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂಬ ಹೆಸರೇ ಬಂತು. ನಮ್ಮ ನಾಡಿನ ಸೆರೆಮನೆಯಿಂದ ಹೊರಟ ಹರಕೆಯೊಂದು ಅಲ್ಲಿ ಕಟ್ಟಡವಾಗಿ ನಿಂತಿದೆ!

ರಬ್ಬಿ ಇಲ್ಲದೆ ಶತಮಾನ ಶತಮಾನ ಬಾಳಿದ್ದು ಮೆಚ್ಚುವ ಸಂಗತಿಯಲ್ಲವೇ? ಇಸ್ರೇಲಿಗೆ ಹೋದ ಮೇಲೆ ಅದೇ ಅವರಿಗೆ ಉರುಳಾಯಿತು. ನಿಮ್ಮಲ್ಲಿ ವಿಚ್ಛೇದನ, ಮರುಮದುವೆಗಳೆಲ್ಲ ಶಾಸ್ತ್ರದಂತೆ ನಡೆದಿವೆಯೇ, ನಡೆಸಲು ರಬ್ಬಿಗಳಿದ್ದರೇ? ಮದುವೆಗೆ ಬಂದವರ ಹಿಂದಿನ ತಲೆಮಾರುಗಳನ್ನು ವಿಚಾರಿಸಿ ಎಂದು 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿ ಯಿತ್ಜಾಕ್ ನಿಸ್ಸಿಂ ಸೂಚನೆ ಹೊರಡಿಸಿದರು. ಗಾಣಿಗರ ಮೊಮ್ಮಕ್ಕಳು ಸುಮ್ಮನಿರಲಿಲ್ಲ, 1964ರಲ್ಲಿ ಜೆರುಸಲೇಮಿನ ಬೀದಿಗಿಳಿದರು, ಉಪವಾಸ ಕೂತರು, ಸಂಸತ್ತಿನಲ್ಲಿ ಚರ್ಚೆ ಎದ್ದಿತು. ಆ ವರ್ಷವೇ ಬೆನೆ ಇಸ್ರೇಲಿಗಳ ಹೆಸರೆತ್ತಿದ ಸೂಚನೆ ಹಿಂದಕ್ಕೆ ಹೋಯಿತು. ಅಶುವಿನ ಮಕ್ಕಳ ಬಗ್ಗೆ ಮಂಗಳೂರಿನಲ್ಲಿ ಎದ್ದಿದ್ದ ಪ್ರಶ್ನೆಯನ್ನೇ ಎಂಟುನೂರು ವರ್ಷದ ಮೇಲೆ ಮತ್ತೆ ಕೇಳಿದ್ದು ನೋಡಿ! ಮುತ್ತಿಗೆ ಹಾಕಿದ ಸೈನ್ಯಕ್ಕೆ ದಾರಿ ತೋರಿಸಿದ ಶಾಸ್ತ್ರ ಗಾಣಿಗರ ಮದುವೆಗೆ ಅಡ್ಡ ನಿಂತದ್ದು ನನಗೆ ಸರಿಬೀಳುವುದಿಲ್ಲ.

ಇದೆಲ್ಲ ಹಳೇ ಕಥೆ ಎಂದುಕೊಂಡಿರಾ? ತಿರುಪತಿಗೆ ಮುಡಿ ಕೊಟ್ಟಿದ್ದೀರಾ? ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಬಸ್ಸು ತುಂಬಿ ಹೋಗುತ್ತಾರಲ್ಲ. ಆ ಮುಡಿ ಹರಾಜಾಗಿ ಟೋಪನ್ ಆಗಿ ವಿದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಸಂಪ್ರದಾಯಸ್ಥ ಯಹೂದಿ ಗೃಹಿಣಿಯರೂ ಇದ್ದಾರೆ, ಏಕೆಂದರೆ ಮದುವೆಯಾದ ಹೆಂಗಸು ತನ್ನ ಕೂದಲನ್ನು ಪರರಿಗೆ ತೋರಿಸಬಾರದು. 2004ರಲ್ಲಿ ಪ್ರಶ್ನೆ ಎದ್ದಿತು: ಬೇರೆ ದೇವರಿಗೆ ಅರ್ಪಿಸಿದ್ದನ್ನು ನಮ್ಮವರು ತಲೆಗೆ ಹಾಕಿಕೊಳ್ಳಬಹುದೇ? ಲಂಡನ್ನಿನ ರಬ್ಬಿ ಅಹರೋನ್ ಡನ್ನರ್ ಖುದ್ದು ತಿರುಪತಿಗೆ ಬಂದರು! ತೂಗಬೇಕಾದದ್ದು ಒಂದು ಎಳೆಯಷ್ಟು ಸೂಕ್ಷ್ಮ: ಮುಡಿ ತೆಗೆಯುವುದೇ ದೇವರಿಗೆ ಸಲ್ಲುವ ಸೇವೆಯೋ, ಇಲ್ಲಾ ದರ್ಶನಕ್ಕೆ ಮುಂಚಿನ ಬರೀ ಕ್ಷೌರವೋ? ವರದಿ ಕೇಳಿದ ಜೆರುಸಲೇಮಿನ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಕೂಡದು ಎಂದರು. ಬ್ರೂಕ್ಲಿನ್ನಿನ ಬೀದಿಯಲ್ಲಿ ಸಾವಿರಾರು ಡಾಲರಿನ ಟೋಪನ್‌ಗಳನ್ನು ಹೆಂಗಸರು ಬೆಂಕಿಗೆ ಹಾಕಿದರು. ಬೇರೆ ಕೆಲವು ರಬ್ಬಿಗಳು ಒಪ್ಪಲಿಲ್ಲ. ಒಪ್ಪಿದ್ದರೆ ತಲ್ಮುದಿನ ವಂಶದವರೇ ಅಲ್ಲ.

ಉಚ್ಚಂಗಿಯಿಂದ ಬಡಗಣಕ್ಕೆ ನದಿ ದಾಟಿದರೆ ಕೊಪ್ಪಳ, ಅದಕ್ಕೆ ಅಂಟಿಕೊಂಡ ಭಾಗ್ಯನಗರ. ಅಲ್ಲಿ ಕೂದಲು ಬಿಡಿಸುವುದೇ ಊರ ಕಸುಬು. ಸಿಕ್ಕು ಬಿಡಿಸಿ, ತೊಳೆದು, ಮುಳ್ಳುಹಣಿಗೆಯಲ್ಲಿ ಎಳೆದು, ಉದ್ದದ ಪ್ರಕಾರ ಕಟ್ಟು ಕಟ್ಟುತ್ತಾರೆ. ರಬ್ಬಿಗಳ ತಕರಾರು ದೇವರ ಮುಡಿಯ ಮೇಲೆ. ಬಾಚುವಾಗ ಉದುರಿದ್ದನ್ನು ಮನೆಮನೆಯಲ್ಲಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು, ಕೂದಲಿನವನು ಬಂದಾಗ ಪಿನ್ನಿಗೋ ಬಾಚಣಿಗೆಗೋ ಕೊಡುತ್ತಾರಲ್ಲ, ಅದು ಯಾವ ದೇವರಿಗೂ ಅರ್ಪಿಸಿದ್ದಲ್ಲ. ಆದರೆ ಎರಡೂ ಒಂದೇ ಚೀಲದಲ್ಲಿ ಕಲೆತುಹೋದರೆ? ಕೇಳಿ ನೋಡಬೇಕು, ಇದಕ್ಕೂ ಯಾವುದೋ ಪುಟದಲ್ಲಿ ಒಬ್ಬರು ಹೌದು, ಇನ್ನೊಬ್ಬರು ಅಲ್ಲ ಎಂದಿರುತ್ತಾರೆ.